ಅರಮನೆಯ ಮೆಟ್ಟಿಲಿಗೆ ಹೆಮ್ಮಾಡಿಯ ಕೊಡಪಾನ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಕುಂದಾಪುರದ ಹತ್ತಿರದ ಹೆಮ್ಮಾಡಿಯ ಹೆದ್ದಾರಿ ಪಕ್ಕದ ಕಟ್ಟಡದಲ್ಲಿ ಕೆಳಗಿನ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಮಹಡಿಯ ಒಂದು ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೀನಿನ ಲಾರಿ ಹಾದುಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ಎನ್ನುತ್ತದೆ. ಆ ಸದ್ದು ಅಡಗುವ ತನಕ ಪ್ರಫುಲ್ಲಾ ಫೋನಿಗೆ ಅಂಗೈ ಮುಚ್ಚಿ ಕಾಯುತ್ತಾರೆ, ಮತ್ತೆ ಬಿಟ್ಟಲ್ಲಿಂದ ಮಾತು ಎತ್ತಿಕೊಳ್ಳುತ್ತಾರೆ.

“ಹ್ವಾಯ್ ಬಚ್ಚಣ್ಣ, ಮೆಟ್ಲ್ ಎಷ್ಟ್ ಅಂದ್ರಿ?”

“ಇಪ್ಪತ್ತೊಂದ್ ಅಕ್ಕ. ನಿನ್ನೆಯೂ ಇಪ್ಪತ್ತೊಂದೇ, ಇವತ್ತೂ ಇಪ್ಪತ್ತೊಂದೇ. ಒಂದ್ ರಾತ್ರಿಯಲ್ಲ್ ಮೆಟ್ಲ್ ಮರಿ ಹಾಕತ್ತಾ?”

“ನಗಾಡ್ಬೇಡಿ. ಇಳ್ದ್ ಕಂಡ್ರ್ಯಾ? ಹತ್ತುದಲ್ಲ ನಾ ಕೇಂಬುದ್, ಇಳುದ್.”

ಆ ಕಡೆ ನಗು ನಿಲ್ಲುತ್ತದೆ. “ಕಂಡೆ ಅಕ್ಕ. ಮೂರ್ ಸರ್ತಿ ಇಳ್ದೆ,” ಎನ್ನುತ್ತಾರೆ ಬಚ್ಚ.

ಪಕ್ಕದೂರು ನಾವುಂದದ ಬಚ್ಚ ಮಾತಾಡುತ್ತಿರುವುದು ಉದಯಪುರದ ಹತ್ತಿರದ ಒಂದು ಅರಮನೆ ಹೋಟೆಲಿನ ಹಿಂಬದಿಯಿಂದ, ಕೆಲಸಗಾರರ ಕೋಣೆಯಿಂದ. ಅರಮನೆಯ ಮೊದಲ ಮಹಡಿಯಲ್ಲಿ, ಕೆರೆ ಕಾಣುವ ಕೋಣೆಯಲ್ಲಿ, ಎಪ್ಪತ್ತಾರು ವರ್ಷದ ಶ್ರೀಲತಾ ಎಂಬ ಮೈಸೂರಿನ ಹೆಂಗಸು ಮಲಗಿದ್ದಾರೆ. ಎಂಟು ಗಂಟೆಗೆ ಅವರು ತಿಂಡಿಗೆಂದು ಕೆಳಗಿಳಿಯಬೇಕು. ಅಷ್ಟೇ ಸಂಗತಿ. ಆದರೆ ಆ ಇಪ್ಪತ್ತೊಂದು ಮೆಟ್ಟಿಲು ನೆನೆದು ಹೆಮ್ಮಾಡಿಯಲ್ಲಿ ಪ್ರಫುಲ್ಲಾ ಕಣ್ಣಿಗೆ ಕಣ್ಣು ಹಚ್ಚಿಲ್ಲ.

ಐವತ್ತೆರಡರ ಪ್ರಫುಲ್ಲಾ ಮಾಡುವ ಕೆಲಸ ಹೊರಗಿನಿಂದ ನೋಡಿದರೆ ಬಲು ಸೊಗಸು. ಉಳ್ಳವರು ಅರಮನೆಯಿಂದ ಅರಮನೆಗೆ ಸುತ್ತುವ ಪ್ರವಾಸಗಳನ್ನು ಅವರು ಹೆಣೆಯುತ್ತಾರೆ. ಹನ್ನೊಂದು ದಿನ, ಐದು ಊರು, ಐದು ಅರಮನೆ. ಯಾವ ಊರಲ್ಲಿ ಎಷ್ಟು ರಾತ್ರಿ, ಯಾವ ಕೋಣೆಗೆ ಬೆಳಗಿನ ಬಿಸಿಲು, ಯಾವ ಸಂಜೆ ದೋಣಿ, ಎಲ್ಲವನ್ನೂ ಹದಿನಾಲ್ಕು ಪುಟಗಳಲ್ಲಿ ಬರೆದು ಮುಂಬೈಯ ಕಂಪೆನಿಗೆ ಕಳಿಸುತ್ತಾರೆ. ಅದು ಅಲ್ಲಿ ಬಣ್ಣಬಣ್ಣದ ಪುಸ್ತಕವಾಗಿ ಅತಿಥಿಗಳ ಕೈ ಸೇರುತ್ತದೆ. ಪುಸ್ತಕದಲ್ಲಿ ರಾಜರ ಹೆಸರಿದೆ, ಅಡುಗೆಯವರ ಹೆಸರಿದೆ, ದೋಣಿ ನಡೆಸುವವನ ಹೆಸರೂ ಇದೆ. ಪ್ರಫುಲ್ಲಾ ಎಂಬ ಹೆಸರಿಲ್ಲ.

ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಮದುವೆಯಾಗಿ ಮುಂಬೈಗೆ ಹೋದವರು ಇದೇ ಕಂಪೆನಿಯ ಫೋರ್ಟ್ ಬಡಾವಣೆಯ ಕಚೇರಿಯಲ್ಲಿ ಫೋನ್ ಎತ್ತಲು ಸೇರಿ ಹಾಗೇ ಮೇಲೆ ಬಂದರು. ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿದಾಗ ಕೆಲಸವೂ ಬೆನ್ನಿಗೆ ಬಂತು. ದಿನಕ್ಕೆ ನಲವತ್ತು ಫೋನು. ಒಂದು ಪ್ರವಾಸ ಮುಗಿಯುವುದರೊಳಗೆ ಯೋಜನೆ ಕಡಿಮೆಯೆಂದರೆ ಒಂಬತ್ತು ಸಲ ಬದಲು. ಎಡಕಿವಿ ಮಂದವಾಗಿ ಈಗ ಫೋನು ಬಲಕಿವಿಗೆ ವರ್ಗವಾಗಿದೆ. “ಇದೂ ಹ್ವಾದ್ರೆ ರಿಟೈರ್ಮೆಂಟೇ ಸೈ,” ಎಂದು ಕಿವಿ ಉಜ್ಜಿಕೊಳ್ಳುತ್ತಾರೆ. ನಗುವುದಕ್ಕೂ ಅವರಲ್ಲಿ ತ್ರಾಣ ಉಳಿದಂತಿಲ್ಲ.

ಮುಂಬೈಯ ಹುಡುಗಿಯರು ಕಂಪ್ಯೂಟರ್ ನೋಡಿ ಕೋಣೆ ಆರಿಸುತ್ತಾರೆ. ಪ್ರಫುಲ್ಲಾ ಆರಿಸುವುದು ಊರಿನವರನ್ನು ಕೇಳಿ. ಕುಂದಾಪುರ, ಬೈಂದೂರಿನವರು ಕಾಲಿಡದ ಹೋಟೆಲು ಈ ದೇಶದಲ್ಲಿ ಎಲ್ಲಿದೆ? ಅಡುಗೆಮನೆಯಲ್ಲಿ, ಕೋಣೆ ಗುಡಿಸುವಲ್ಲಿ, ಉಗ್ರಾಣದಲ್ಲಿ ಒಬ್ಬರಾದರೂ ಸಿಗುತ್ತಾರೆ. ಅಂಥ ಅರವತ್ತನಾಲ್ಕು ಜನರ ನಂಬರು ಅವರ ರಟ್ಟಿನ ಪುಸ್ತಕದಲ್ಲಿದೆ. ಆರು ಗಂಟೆಗೆ ಕೆಲಸ ಶುರುವಾದರೆ ಹೋಟೆಲಿನ ನಿಯಮದಂತೆ ಅವರ ಫೋನುಗಳೆಲ್ಲ ಬೀರುವಿಗೆ ಸೇರುತ್ತವೆ. ಹಾಗಾಗಿ ಅವರು ಚಹಾ ಕುಡಿಯುವ ಐದರಿಂದ ಆರರ ನಡುವೆಯೇ ಇವರ ವಿಚಾರಣೆ.

“ಹೋಟ್ಲಿನವ್ರಿಗೆ ಬರ್ದ್ ಕೇಂಡ್ರೆ ಎಲ್ಲಾ ಫಸ್ಟ್ ಕ್ಲಾಸ್ ಅಂತ್ರ್,” ಎನ್ನುತ್ತಾರೆ ಪ್ರಫುಲ್ಲಾ. “ನಮ್ಮೂರಿನವ್ರ್ ಹಂಗಲ್ಲ. ಅಕ್ಕ, ಆ ರೂಮ್ ಬ್ಯಾಡ, ಹಿಂದೆ ಜನರೇಟರ್ ಇತ್ತ್, ಬಿಸಿನೀರ್ ಬಪ್ಪುಕೆ ಅರ್ಧ ಗಂಟಿ ಬೇಕ್ ಅಂತ್ರ್. ಅವ್ರಿಗೆ ನಂಗೆ ಸುಳ್ ಹೇಳಿ ಎಂತ ಆಯ್ಕ್?”

ಹಳೆಯ ಅರಮನೆಗಳ ದೊಡ್ಡ ತೊಂದರೆ ಮೆಟ್ಟಿಲು. ಲಿಫ್ಟ್ ಕೂರಿಸಲು ಗೋಡೆ ಒಡೆಯುವಂತಿಲ್ಲ. ಅತಿಥಿಗಳೋ ಹೆಚ್ಚಿನವರು ಮುದುಕರು. ಮೆಟ್ಟಿಲು ‘ಸ್ವಲ್ಪ ಕಡಿದು’ ಎಂದು ಹೋಟೆಲಿನವರು ಬರೆದರೆ ಎಷ್ಟು ಕಡಿದು? ಅದಕ್ಕೆ ಪ್ರಫುಲ್ಲಾ ಊರಿನದೇ ಅಳತೆ ಇಟ್ಟುಕೊಂಡಿದ್ದರು. ಅವರ ತವರಿನ ಬಾವಿ ಕೆಳಗೆ ಗದ್ದೆಯ ಅಂಚಿನಲ್ಲಿ, ಮನೆ ಮೇಲೆ ದಿಬ್ಬದಲ್ಲಿ. ಹುಡುಗಿಯಾಗಿದ್ದಾಗ ಸೊಂಟದಲ್ಲಿ ನೀರಿನ ಕೊಡಪಾನ ಇಟ್ಟುಕೊಂಡು ಹತ್ತಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಹಾಗಾಗಿ ಫೋನಿನಲ್ಲಿ ಒಂದೇ ಪ್ರಶ್ನೆ: “ತುಂಬ್ದ್ ಕೊಡಪಾನ ಹಿಡ್ಕಂಡ್ ಹತ್ತುಕ್ ಆತ್ತಾ?” ಆಗುತ್ತದೆ ಎಂದರೆ ಕೋಣೆ ಪಾಸು. ಕೇಳುವವರಿಗೂ ಹೇಳುವವರಿಗೂ ಎರಡನೆಯ ಮಾತು ಬೇಕಿರಲಿಲ್ಲ. ಇಪ್ಪತ್ತೈದು ವರ್ಷ ಆ ಅಳತೆ ಕೈಕೊಡಲಿಲ್ಲ.

ಎರಡು ವರ್ಷದ ಹಿಂದೆ ಕೈಕೊಟ್ಟಿತು.

ಶ್ರೀಲತಾ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. ಪಾಠದಲ್ಲಿ ಬಂದ ಅರಮನೆಗಳಲ್ಲಿ ಒಮ್ಮೆ ಮಲಗಿ ಎದ್ದು ಬರಬೇಕು ಎಂಬುದು ಅವರ ಬಹುದಿನದ ಆಸೆ. ತಂಗಿಯನ್ನು ಕರೆದುಕೊಂಡು ಐದು ಊರಿಗೆ ಹೊರಟರು. ಎರಡನೆಯ ಊರಿನ ಹೋಟೆಲಿನಲ್ಲಿ ಆಗ ಇದೇ ಬಚ್ಚ ಕೆಲಸಕ್ಕಿದ್ದರು. ಪ್ರಫುಲ್ಲಾ ಎಂದಿನಂತೆ ಕೊಡಪಾನದ ಪ್ರಶ್ನೆ ಕೇಳಿದರು. ಬಚ್ಚ ನೀರು ತುಂಬಿದ ಬಕೆಟ್ ಹಿಡಿದು ನಿಜವಾಗಿಯೂ ಹತ್ತಿ ನೋಡಿ, “ಆರಾಮ್ ಹತ್ಲಕ್ಕ್” ಎಂದರು. ಶ್ರೀಲತಾ ಆರಾಮವಾಗಿಯೇ ಹತ್ತಿದರು. ಮರುದಿನ ಬೆಳಿಗ್ಗೆ ತಿಂಡಿಗೆ ಇಳಿಯುವಾಗ ಬಿದ್ದರು. ಸೊಂಟದ ಮೂಳೆ ಮುರಿಯಿತು. ಪ್ರವಾಸ ಅಲ್ಲಿಗೇ ನಿಂತಿತು.

ಪ್ರಫುಲ್ಲಾ ಈಗ ಫೋನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಾರೆ. “ತುಂಬ್ದ್ ಕೊಡಪಾನ ಹಿಡ್ಕಂಡ್ ನಾವ್ ಹತ್ತುದೇ ಅಲ್ದಾ? ಇಳುದ್ ಯಾವತ್ತೂ ಖಾಲಿ ಕೊಡಪಾನ. ಕುಣ್ಕಂಡ್ ಇಳಿತಿದ್ದಿತ್ತ್. ಇಳುಕೂ ಕಷ್ಟ ಇತ್ತ್ ಅಂದೇಳಿ ನನ್ ತಲಿಗೇ ಹೋಯ್ಲಿಲ್ಲೆ. ಬಚ್ಚಣ್ಣಂಗೂ ಹೋಯ್ಲಿಲ್ಲೆ.”

ಕಂಪೆನಿಯಿಂದ ಎರಡು ಸಾಲಿನ ಎಚ್ಚರಿಕೆ ಪತ್ರ ಬಂತು. ಅದಕ್ಕಿಂತ ಅವರನ್ನು ಸುಟ್ಟದ್ದು ಶ್ರೀಲತಾ ಒಂದು ಮಾತೂ ಬಯ್ಯದೇ ಇದ್ದದ್ದು. ಆರು ವಾರ ಪ್ರತಿ ಸಂಜೆ ಪ್ರಫುಲ್ಲಾ ಮೈಸೂರಿಗೆ ಫೋನ್ ಮಾಡಿದರು. ಊಟವಾಯಿತೇ, ನೋವಿದೆಯೇ, ಇಂದು ಎಷ್ಟು ಹೆಜ್ಜೆ ನಡೆದಿರಿ. ಬಚ್ಚ ಆ ಹೋಟೆಲಿನ ಮೆಟ್ಟಿಲು ನೋಡಲಾರದೆ ಕೆಲಸ ಬಿಟ್ಟು ಉದಯಪುರದ ಕಡೆ ಹೋದರು.

ಈ ವರ್ಷ ಶ್ರೀಲತಾ ತಾವೇ ಫೋನ್ ಮಾಡಿದರು. “ಇನ್ನೂ ಮೂರು ಊರು ಬಾಕಿ ಇದೆಯಲ್ಲಮ್ಮ. ನೀವೇ ಮಾಡಿಕೊಡಿ.” ಪ್ರಫುಲ್ಲಾ ಆಗುವುದಿಲ್ಲ ಎಂದರು. ಅವರು ಬಿಡಲಿಲ್ಲ. ಹಾಗಾದರೆ ಎಲ್ಲ ಕಡೆ ಕೆಳಗಿನ ಕೋಣೆಯೇ ಸೈ ಎಂದಾಗ ಟೀಚರಮ್ಮನ ಗತ್ತು ಹೊರಬಂತು: “ಕೆಳಗಿನ ಕೋಣೆ ನಮ್ಮನೇಲೇ ಇದೆ. ಅರಮನೆಗೆ ಹೋಗೋದು ಮೇಲಿನ ಕಿಟಕಿಗೆ.”

ಆಮೇಲಿನ ಐದು ತಿಂಗಳು ಪ್ರಫುಲ್ಲಾ ಸವೆದದ್ದು ಎಲ್ಲಿಯೂ ದಾಖಲಾಗಿಲ್ಲ. ಮೂರು ಊರಿನಲ್ಲಿ ಹದಿನೇಳು ಕೋಣೆ ಬೇಡವೆಂದರು. ಕೊನೆಯ ಊರಿನ ಈ ಕೋಣೆ ಸಿಕ್ಕಾಗ, ಮಂಡಿನೋವಿನ ಬಚ್ಚನನ್ನೇ ಬರಿಗೈಯಲ್ಲಿ, ಬೆಳಗಿನ ಚಳಿಯಲ್ಲಿ, ನಿದ್ದೆಗಣ್ಣಲ್ಲಿ ಇಳಿಸಿದರು. ಹಿಡಿಗಂಬಿ ಯಾವ ಕೈಗೆ ಸಿಗುತ್ತದೆ, ಎಷ್ಟನೆಯ ಮೆಟ್ಟಿಲಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ತಿರುವಿನಲ್ಲಿ ಕಲ್ಲು ಎಷ್ಟು ಸವೆದಿದೆ, ಎಲ್ಲ ಬರೆದುಕೊಂಡರು. ಹನ್ನೆರಡನೆಯ ಮೆಟ್ಟಿಲು ಸವೆದಿದೆ. ಅಲ್ಲಿ ಬಚ್ಚ ನಿಂತಿರುತ್ತಾರೆ. ಮೇಲಿನವರ ಒಪ್ಪಿಗೆ ಪಡೆದು, ಇವತ್ತೊಂದು ದಿನ ಫೋನನ್ನೂ ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ.

ಆರು ಗಂಟೆಗೆ ಉಳಿದ ವಿಚಾರಣೆಗಳು ಮುಗಿಯುತ್ತವೆ. ಏಳಕ್ಕೆ ಕೆಳಗಿನ ಹೋಟೆಲಿನಿಂದ ಇಡ್ಲಿ ಬರುತ್ತದೆ, ಪೊಟ್ಟಣ ಬಿಚ್ಚುವುದಿಲ್ಲ. ಅರಮನೆಯಲ್ಲಿ ಮಲಗುವ ಆಸೆ ನಿಮಗಿಲ್ಲವೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಕೆಲಸದ ಮೇಲೆ ಒಮ್ಮೆ ಎರಡು ಗಂಟೆ ನೋಡಿ ಬಂದಿದ್ದಾರಂತೆ. “ಹಾಸ್ಗಿ ಕಂಡ್ ನಿದ್ರಿ ಬಂತ್. ಆದ್ರೆ ರೈಲಿಗೆ ಹೊತ್ತಾಯ್ತ್,” ಎನ್ನುತ್ತಾರೆ.

ಎಂಟು ಗಂಟೆ. ಎಂಟೂ ಹತ್ತು. ಪ್ರಫುಲ್ಲಾ ಎದ್ದು ಕಿಟಕಿಯ ಬಳಿ ನಿಲ್ಲುತ್ತಾರೆ, ಬಂದು ಕೂರುತ್ತಾರೆ. ಎಂಟೂ ಹದಿನೆಂಟಕ್ಕೆ ಫೋನು ಹೊಡೆದುಕೊಳ್ಳುತ್ತದೆ. ಬಲಕಿವಿಗೆ ಹಿಡಿಯುತ್ತಾರೆ.

“ಇಳ್ದ್ರ್ ಅಕ್ಕ.” ಬಚ್ಚನ ಸ್ವರ. “ಇಪ್ಪತ್ತೊಂದೂ ಇಳ್ದ್ರ್. ನನ್ ಕೈ ಮುಟ್ಲೇ ಇಲ್ಲೆ. ಕೂಕಂಡ್ ಪೂರಿ ತಿಂತಿದ್ರ್.”

ಪ್ರಫುಲ್ಲಾ ಫೋನು ಮೇಜಿನ ಮೇಲಿಡುತ್ತಾರೆ. ಕಣ್ಣಿನಿಂದ ನೀರು ಇಳಿಯುವುದನ್ನು ಒರೆಸಿಕೊಳ್ಳುವುದಿಲ್ಲ. ಮೇಜಿನ ಮೂಲೆಯಲ್ಲಿ ಎರಡು ವರ್ಷದಿಂದ ಬಿಚ್ಚಿಕೊಂಡೇ ಇದ್ದ ಶ್ರೀಲತಾ ಅವರ ಫೈಲನ್ನು ಎಳೆದುಕೊಂಡು, ಐದನೆಯ ಊರಿನ ಎದುರು ಗೀಟು ಹಾಕಿ, ದಾರ ಬಿಗಿದು ಕಟ್ಟುತ್ತಾರೆ. ಅವರು ಕಂಪೆನಿಗೆ ಕಳಿಸುವ ಪಟ್ಟಿಯಲ್ಲಿ ಈಗ ‘ಹತ್ತಲು’ ಎಂಬುದರ ಪಕ್ಕ ‘ಇಳಿಯಲು’ ಎಂಬ ಇನ್ನೊಂದು ಅಂಕಣವಿದೆ. ಮುಂಬೈಯ ಹುಡುಗಿಯರೂ ಅದನ್ನು ತುಂಬುತ್ತಾರೆ. ಅದು ಎಲ್ಲಿಂದ ಬಂತೆಂದು ಯಾರೂ ಕೇಳಿಲ್ಲ.

“ಕೇಂಬುದ್ ಬ್ಯಾಡ,” ಎನ್ನುತ್ತಾರೆ ಪ್ರಫುಲ್ಲಾ, ಆರಿದ ಇಡ್ಲಿಯ ಪೊಟ್ಟಣ ಬಿಚ್ಚುತ್ತಾ. “ತುಂಬ್ಸ್ರೆ ಸಾಕ್. ನಾನ್ ಇವತ್ತ್ ಮಧ್ಯಾಹ್ನ ಒಂದ್ ಗಳಿಗಿ ಮಲ್ಕಂತೆ. ಎರಡ್ ವರ್ಷ ಆಯ್ತ್.”