ತಲೆ ಎತ್ತಿ ಈಜುತ್ತಿದ್ದ ಕಾಕಾ

ಕಳೆದ ವಾರ ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಪರಿಚಿತರೊಬ್ಬರು ಚೀಲದಿಂದ ರಬ್ಬರ್ ಟೋಪಿ ತೆಗೆದು ಕೊಡವಿದರು. ಒಳಗೆ ಅಂಟಿಕೊಳ್ಳಬಾರದೆಂದು ಹಾಕಿದ್ದ ಪೌಡರು ಗಾಳಿಗೆ ಹಾರಿತು. ಪೌಡರಿನ ವಾಸನೆ, ಅದರ ಹಿಂದೆಯೇ ಕ್ಲೋರಿನ್ ವಾಸನೆ. ಇವೆರಡೂ ಬೆರೆತರೆ ನನಗೆ ನೆನಪಾಗುವವರು ಒಬ್ಬರೇ. ಹಿಮಾಯತ್‌ನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಕಾಕಾ.

ಅವರು ವಿಜಯಪುರದ ಕಡೆಯವರು. ಬಟ್ಟೆ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಬೆಳಗಿನ ಹೊತ್ತು ಬಿಡುವಾಗಿರುತ್ತಿದ್ದರು. ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ನನ್ನ ಪಾಳಿ ಮಧ್ಯಾಹ್ನ ಶುರುವಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಇಬ್ಬರೂ ದೊಡ್ಡವರ ಈಜು ತರಗತಿಗೆ ಸೇರಿದೆವು. ಒಂದೇ ಆಟೋದಲ್ಲಿ ಹೋಗಿಬರುತ್ತಿದ್ದೆವು.

ತರಗತಿಯಲ್ಲಿದ್ದವರೆಲ್ಲ ನನ್ನ ಹಾಗೆ ನೀರಿಗೆ ಹೆದರುವವರು. ಕಾಕಾ ಮಾತ್ರ ಹುಟ್ಟೂರಿನ ಬಾವಿಯಲ್ಲಿ ಈಜು ಕಲಿತವರು. ಮೊದಲ ದಿನವೇ ಆಳದ ಕಡೆ ಇಳಿದು, ತಲೆಯನ್ನು ನೀರಿನ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಆ ತುದಿಗೆ ಹೋಗಿ ಬಂದರು. ನಾವೆಲ್ಲ ಬೆರಗಾಗಿ ನೋಡಿದೆವು. ಕೋಚ್‌ಗೆ ಅಂಥ ಬೆರಗೇನೂ ಆಗಲಿಲ್ಲ.

"ಚಾಚಾ, ಮುಂಡಿ ನೀಚೆ! ಊಪರ್ ಕ್ಯಾ ದೇಖ್ ರೈಂ?" ಎಂದು ಕೂಗಿದ. ತಲೆ ಕೆಳಗೆ ಹಾಕಿ, ಮೇಲೇನು ನೋಡುತ್ತಿದ್ದೀರಿ ಎಂದು.

"ನೀಚೆ ಕ್ಯಾ ಹೈ ದೇಖ್ನೇ ಕು?" ಎಂದರು ಕಾಕಾ. ಕೆಳಗೆ ನೋಡಲಿಕ್ಕೆ ಏನಿದೆ? ತರಗತಿಯೆಲ್ಲ ನಕ್ಕಿತು.

ಫ್ರೀಸ್ಟೈಲಿನ ಪಾಠ ಹೇಳಲಿಕ್ಕೆ ಸುಲಭ. ಮುಖ ನೀರಿನೊಳಗಿರಬೇಕು. ಉಸಿರನ್ನು ಅಲ್ಲೇ ಬಿಡಬೇಕು. ಕೈ ಮೇಲೆ ಬರುವಾಗ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಗಾಳಿ ಎಳೆದುಕೊಳ್ಳಬೇಕು. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಕಾಲು ಭಾರವಾಗುತ್ತದೆ, ಕತ್ತು ನೋಯುತ್ತದೆ. ಕಾಕಾ ತರಗತಿಗೆ ಬಂದದ್ದೇ ಈ ಕತ್ತಿನ ಸಲುವಾಗಿ. ನರ ಒತ್ತಿ ಎಡಗೈ ಜುಮುಗುಡುತ್ತಿತ್ತು. ತಲೆ ಕೆಳಗಿಟ್ಟು ಈಜುವುದು ಕಲಿಯಿರಿ, ಇಲ್ಲವಾದರೆ ಈಜುವುದನ್ನೇ ಬಿಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮೊಣಕಾಲು ಸವೆದು ವಾಕಿಂಗ್ ಮೊದಲೇ ನಿಂತಿತ್ತು.

"ನಡಿಯೂದು ಹೋತು. ಇನ್ನ ನೀರೂ ಹೋದರ ಮನ್ಯಾಗ ಕುಂತು ಟಿವಿ ಕಾಯೂದ ಕೆಲಸ," ಎಂದಿದ್ದರು ಒಮ್ಮೆ ಆಟೋದಲ್ಲಿ.

ಅವರ ಹೆಂಡತಿಗೆ, ನಾವು ಕಾಕು ಎನ್ನುತ್ತಿದ್ದವರಿಗೆ, ಇದೆಲ್ಲ ತಮಾಷೆ. ಬಾಗಿಲಲ್ಲಿ ನಿಂತು ಟೋಪಿಗೆ ತಮ್ಮ ಪೌಡರನ್ನೇ ಉದುರಿಸಿ ಕೊಡುತ್ತಿದ್ದರು. "ಊರ ಬಾವಿ ಕದಡಿದ ಮನಷ್ಯಾ ಈಗ ಈಸಾಕ ಸಾಲಿಗೆ ಹೊಂಟಾರ ನೋಡು, ತಮ್ಮಾ. ಅದರಾಗ ನಾಪಾಸ್ ಬ್ಯಾರೆ!"

ನಾಪಾಸಾಗುತ್ತಿದ್ದದ್ದು ನಿಜ. ಮುಖ ನೀರಿಗಿಟ್ಟು ಹೊರಟರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ತಲೆ ತಾನಾಗಿ ಮೇಲೆ ಬರುತ್ತಿತ್ತು. ಉಸಿರಿಗಲ್ಲ, ಬಾಯಿ ಮುಚ್ಚಿಯೇ ಇರುತ್ತಿತ್ತು. ಕಣ್ಣು ಮಾತ್ರ ಮೇಲೆ ಹುಡುಕುತ್ತಿತ್ತು. ನಾನು ಇದನ್ನು ಕೆಲವು ದಿನ ನೋಡಿ, ಕೊನೆಗೆ ಕೇಳಿದೆ.

ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಹೇಳಿದರು. ಅವರ ಊರಿನ ಬಾವಿ ಕಿರಿದು, ಹುಡುಗರು ಹೆಚ್ಚು. ಎಲ್ಲರೂ ಮೇಲಿನ ಕಲ್ಲಿನಿಂದ ಜಿಗಿಯುವವರೇ. ಅದಕ್ಕೊಂದು ರೂಢಿ ಇತ್ತು: ಮೆಟ್ಟಿಲ ಮೇಲೆ ಒಬ್ಬ ಕಾವಲು ಕೂರಬೇಕು. ಅವನು "ಮ್ಯಾಲ ಯಾರಿಲ್ಲ" ಎಂದ ಮೇಲೆಯೇ ಕೆಳಗಿದ್ದವರು ಮುಳುಗು ಹಾಕಬೇಕು. ಒಂದು ದಿನ ಕಾವಲಿನವನು "ಯಾರಿಲ್ಲ" ಎಂದವನೇ ಎದ್ದು ಹೋಗಿದ್ದ. ಮುಳುಗಿ ಮೇಲೆ ಬರುತ್ತಿದ್ದ ಇವರ ಮೇಲೆ ಒಬ್ಬ ಬಂದು ಬಿದ್ದ...

ಎಡ ಹೆಗಲಿನ ಹತ್ತಿರ ಎಲುಬು ಗಂಟಾಗಿದ್ದ ಜಾಗವನ್ನು ಬೆರಳಿನಿಂದ ತೋರಿಸಿದರು. "ಇಲ್ಲೆ ಮುರೀತು. ಹಗ್ಗಾ ಕಟ್ಟಿ ಎತ್ತಿದ್ರು. ಅವತ್ತಿಂದ ತಲಿ ನೀರಾಗ ಹಾಕಿಲ್ಲ, ತಮ್ಮಾ."

ನಾನು ಗೋಡೆಯ ಮೇಲಿನ ಫಲಕ ತೋರಿಸಿದೆ. ಕೊಳಕ್ಕೆ ಜಿಗಿಯಬಾರದು ಎಂದು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಬರೆದಿತ್ತು.

"ಬೋರ್ಡ್ ಓದಿ ಜಿಗಿಯಾವರನ್ನ ನೀ ಎಲ್ಲೆರ ಕಂಡೀಯೇನು?" ಎಂದರು.

ಮರುದಿನ ನನ್ನ ಅಭ್ಯಾಸ ಮುಗಿದ ಮೇಲೆ ಟವೆಲ್ ಹೊದ್ದುಕೊಂಡು ಅಂಚಿನಲ್ಲಿ ಕೂತೆ. "ಮ್ಯಾಲ ಯಾರಿಲ್ರಿ, ಕಾಕಾ," ಎಂದೆ.

ಗೇಲಿ ಮಾಡುತ್ತಿದ್ದೇನೆಯೇ ಎಂದು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಈಜುಗನ್ನಡಕ ಕಣ್ಣಿಗೆ ಒತ್ತಿಕೊಂಡು, "ಎದ್ದು ಹೋಗಬ್ಯಾಡ ಮತ್ತ," ಎಂದರು.

"ಹೋಗೂದಿಲ್ರಿ."

ಆ ದಿನವೂ ತಲೆ ಮೇಲೆ ಬಂತು. ಆದರೆ ಆಕಾಶ ನೋಡಲಿಲ್ಲ, ನಾನಿದ್ದೇನೆಯೇ ಎಂದು ನೋಡಿ ಮತ್ತೆ ಕೆಳಗೆ ಹೋಯಿತು. ಬರಬರುತ್ತ ಆ ನೋಟವೂ ಕಡಿಮೆಯಾಯಿತು. ಮಳೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ, ಮುಖ ನೀರಿನಲ್ಲಿಟ್ಟು, ಪಕ್ಕಕ್ಕೆ ಉಸಿರೆಳೆಯುತ್ತ, ಈ ತುದಿಯಿಂದ ಆ ತುದಿಯ ಗೋಡೆ ಮುಟ್ಟಿದರು. ಮುಟ್ಟಿದವರೇ ತಿರುಗಿ, "ಅದೀಯಿಲ್ಲೋ?" ಎಂದು ಕೂಗಿದರು.

"ಅದೀನ್ರಿ."

ಏನು ಮಂತ್ರ ಹಾಕುತ್ತಿದ್ದೀರಿ ಎಂದು ಕೋಚ್ ನನ್ನನ್ನು ಕೇಳಿದ. ಹೇಳಿದೆ. ಅವನು ನಗಲಿಲ್ಲ. ಮುಂದೆ ನಾನು ರಜೆ ಹಾಕಿದ ದಿನಗಳಲ್ಲಿ ಅವನೇ ಆ ಕನ್ನಡವನ್ನು ತನ್ನ ಧಾಟಿಯಲ್ಲಿ ಹೇಳುತ್ತಿದ್ದನಂತೆ.

ಗೋಡೆ ಮುಟ್ಟಿದ ಆ ದಿನವೇ ಕಾಕಾ ಮೇಲೆ ಹತ್ತಿ ಬಂದು ನನ್ನ ಜಾಗದಲ್ಲಿ ಕೂತರು. ಅಲ್ಲಿಯವರೆಗೆ ನಾನು ಕೊಳವನ್ನು ಪೂರ್ತಿ ದಾಟಿರಲಿಲ್ಲ. ನೆಲ ಇಳಿಜಾರಾಗಿ ಆಳ ಶುರುವಾಗುವಲ್ಲಿ ನನಗೆ ಉಸಿರು ಕಟ್ಟುತ್ತಿತ್ತು; ಕಣ್ಣು ಮುಚ್ಚಿ, ಸಾಲುಗಳ ನಡುವೆ ಕಟ್ಟಿದ ಹಗ್ಗ ಹಿಡಿದುಬಿಡುತ್ತಿದ್ದೆ.

"ಈಗ ನೀ ಹೋಗು. ಮ್ಯಾಲ ಯಾರಿಲ್ಲ," ಎಂದರು.

"ನನಗ ಮ್ಯಾಲಿನ ಅಂಜಿಕಿ ಇಲ್ರಿ ಕಾಕಾ. ಕೆಳಗಿಂದು."

"ಕೆಳಗೂ ಯಾರಿಲ್ಲ. ಈಗ ನೋಡ್ಕೊಂಡ ಬಂದೀನಲ್ಲ," ಎಂದರು.

ಹೊರಟೆ. ಇಳಿಜಾರು ಬಂತು, ಕಣ್ಣು ಮುಚ್ಚಿತು, ಕೈ ಹಗ್ಗ ಹಿಡಿಯಿತು. ಅಂಚಿನಿಂದ ಅವರ ದನಿ ಬಂತು: "ಅರ್ಧಾ ತಳಾ ಖಾತ್ರಿ ಆತಿಲ್ಲೋ? ಉಳಿದರ್ಧಾ ಆಮ್ಯಾಲ ನೋಡಿದ್ರಾತು!"

ಆ ಉಳಿದರ್ಧ ಹಾಗೇ ಉಳಿಯಿತು. ನಾನು ನಗರದ ಇನ್ನೊಂದು ತುದಿಯ ಲಿಂಗಂಪಲ್ಲಿಗೆ ಮನೆ ಬದಲಿಸಿದೆ. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ... ಕಾಕಾ ಈಜುತ್ತಲೇ ಇದ್ದರು. ಕೈ ಜುಮುಗುಡುವುದು ನಿಂತಿದೆ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಪ್ರತಿ ಸಲವೂ, "ಉಳಿದರ್ಧಾ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. ಕೆಲಸದ ಒತ್ತಡ ಎನ್ನುತ್ತಿದ್ದೆ.

ಈ ವರ್ಷ ಚಳಿ ಕಳೆದು ಕೊಳ ತೆರೆಯುವ ಹಿಂದಿನ ದಿನ ಅವರು ಮನೆಯಲ್ಲೇ ತೀರಿಕೊಂಡರು. ಹೃದಯಾಘಾತ. ಊಟ ಮಾಡಿ ಎದ್ದವರು ಕುರ್ಚಿಗೆ ಬಂದು ಕೂತಿದ್ದರಂತೆ. ಸುದ್ದಿ ಬಂದಾಗ ನಾನು ಕಚೇರಿಯಲ್ಲಿದ್ದೆ. ಕೈಯಲ್ಲಿದ್ದ ಪುಟವನ್ನು ಸಹೋದ್ಯೋಗಿಗೆ ಒಪ್ಪಿಸಿ ಹೊರಟೆ.

ಕಾಕು ಅಳುತ್ತಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಾಳೆ ನೀರು ಚಾಲೂ ಅಂತ ಟೋಪಿಗೆ ಪೌಡರ್ ಹಾಕಿ ಇಟ್ಟಿದ್ದೆ, ತಮ್ಮಾ..." ಎಂದರು.

ಕಳೆದ ವಾರ ಆ ಅಪರಿಚಿತರು ಟೋಪಿ ಹಾಕಿಕೊಂಡು ಹೊರಗೆ ಹೋದರು. ನಾನೂ ಹೋದೆ. ಲಿಂಗಂಪಲ್ಲಿಯ ಈ ಕೊಳದಲ್ಲಿಯೂ ನಾನು ಹಗ್ಗದ ಪಕ್ಕದಲ್ಲೇ ಈಜುವುದು. ಅಂಚಿನಲ್ಲಿ ಯಾರೂ ಕೂತಿರಲಿಲ್ಲ. ಮುಖ ನೀರಿಗಿಟ್ಟು, ಉಸಿರು ಬಿಡುತ್ತ ಹೊರಟೆ. ಇಳಿಜಾರು ಬಂದಾಗ ಕಣ್ಣು ಮುಚ್ಚಲಿಲ್ಲ. ನೀಲಿ ಹಂಚು, ನಡುವೆ ಕಪ್ಪು ಗೆರೆ, ಯಾರದೋ ಕಳೆದುಹೋದ ಕೂದಲಿನ ಕ್ಲಿಪ್ಪು. ಗೆರೆ ಮುಗಿಯುವವರೆಗೂ ನೋಡಿದೆ. ಗೋಡೆ ಕೈಗೆ ಸಿಕ್ಕಿತು.

ಕಾಕಾ ಹೇಳಿದ್ದು ಸರಿಯಾಗಿತ್ತು, ಕೆಳಗೆ ಯಾರೂ ಇರಲಿಲ್ಲ. ಹೇಳೋಣವೆಂದು ತಲೆ ಎತ್ತಿದೆ. ಮೇಲೂ ಯಾರೂ ಇರಲಿಲ್ಲ.