ನಾಲ್ಕು ಕನ್ನಡಿ, ಒಂದು ಗದ್ದ

ನಿಲ್ಲಿಸಿಹೋದ ಬೈಕಿನ ಕನ್ನಡಿಯನ್ನು ಯಾರೋ ತಮ್ಮ ಮುಖದ ಕಡೆಗೆ ತಿರುಗಿಸಿಕೊಂಡು, ತಲೆ ಬಾಚಿ, ಮೀಸೆ ತೀಡಿ, ಸಂತೃಪ್ತಚಿತ್ತರಾಗಿ ಹೊರಟುಹೋಗುತ್ತಾರೆಯೇ ಹೊರತು ಅದನ್ನು ಮೊದಲಿದ್ದ ಹಾಗೆ ತಿರುಗಿಸಿಡುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಮದ್ದೂರಿನ ಬಸ್ ನಿಲ್ದಾಣದ ಎದುರು ಟೀ ಕುಡಿಯಲೆಂದು ಐದು ನಿಮಿಷ ಗಾಡಿ ಬಿಟ್ಟರೂ ಸಾಕು. ಹೊರಟು ಹೆದ್ದಾರಿ ಸೇರಿದ ಮೇಲೆ, ಹಿಂದೆ ಬರುವ ಬಸ್ಸು ಕಾಣಬೇಕಾದ ಜಾಗದಲ್ಲಿ ಆಕಾಶವೋ ನನ್ನದೇ ಮೊಣಕೈಯೋ ಕಂಡಾಗ, ಆ ಅಜ್ಞಾತ ಸುಂದರಾಂಗನನ್ನು ಕುರಿತು ನಾನು ಆಡುವ ಮಾತುಗಳು ಮುದ್ರಣಯೋಗ್ಯವಲ್ಲ. ಇಷ್ಟು ಸಣ್ಣದಕ್ಕೆ ಅಷ್ಟು ಕೋಪವೇಕೆಂದರೆ, ಕನ್ನಡಿ ತಿರುಗಿಸುವುದೇ ನನ್ನ ಉದ್ಯೋಗ.

ನಾನು ನಾಟಕಕ್ಕೆ ಬೆಳಕು ಹಾಕುವವನು. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಗದ್ದೆ ಕೆಲಸ ಮುಗಿಸಿದ ಕೈ ಸುಮ್ಮನಿರದೆ ಗದೆ ಹಿಡಿಯುತ್ತದೆ. ಕಬ್ಬು ಕಡಿದವನೂ ಬಸ್ಸು ಓಡಿಸುವವನೂ ಒಂದು ದಿನದ ಮಟ್ಟಿಗಾದರೂ ಕಿರೀಟ ಹೊತ್ತು ಹಾಡಲೇಬೇಕು. ಆ ಕಿರೀಟಗಳ ಮೇಲೆ ಬೆಳಕು ಬೀಳಿಸುತ್ತ ನನ್ನ ಮೂವತ್ತು ವರ್ಷ ಕಳೆದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕನ್ನಡಿ ಚೂರಿನಿಂದ ಮೇಷ್ಟ್ರ ಮುಖಕ್ಕೆ ಬಿಸಿಲು ಬಿಟ್ಟು ಹೊರಗೆ ಹಾಕಿಸಿಕೊಂಡೆ ಎಂದಿದ್ದರೆ ಈ ಪ್ರಬಂಧಕ್ಕೆ ಚೆನ್ನಾಗಿ ಒಪ್ಪುತ್ತಿತ್ತು, ಆದರೆ ನಿಜ ಅಷ್ಟು ಚಂದವಿಲ್ಲ. ಊರಿಗೆ ನಾಟಕದ ಸೀನರಿ ಹೊತ್ತು ಬಂದ ಲಾರಿಯಿಂದ ಪರದೆ ಇಳಿಸಲು ಹೋದೆ, ಮಾರನೆಯ ದಿನ ಪರದೆ ಹೇರಿ ಅದರ ಮೇಲೆ ನಾನೂ ಹತ್ತಿ ಕುಳಿತೆ, ಅಷ್ಟೆ. ಇಂಥವನಿಗೆ ‘ಸಂತೃಪ್ತಚಿತ್ತ’ವೆಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ, ಸಾವಿರಾರು ಸಲ ‘ಎಲವೋ ದುರುಳಾ’ ಎಂದು ಪರದೆಯ ಹಿಂದಿನಿಂದ ಕೇಳಿಸಿಕೊಂಡವನ ಕಿವಿಯಲ್ಲಿ ಸಂಸ್ಕೃತ ಸ್ವಲ್ಪವಾದರೂ ಉಳಿಯದೆ ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ನಾಲ್ಕು ಹಳೆಯ ಕನ್ನಡಿ ದೀಪಗಳನ್ನೂ ಅವನ್ನು ಆಡಿಸುವ ಒಂದು ಬೋರ್ಡನ್ನೂ ತಂದೆ. ಕನ್ನಡಿ ದೀಪವೆಂಬುದು ನಾನಿಟ್ಟ ಹೆಸರು. ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಒಳಗೆ ಅತಿಪ್ರಖರವಾದ ಬಲ್ಬು, ಮೂತಿಯ ಮುಂದೆ ಅಂಗೈಯಗಲದ ಕನ್ನಡಿ. ದೀಪ ಅಲ್ಲಾಡುವುದಿಲ್ಲ, ಕೂರಿಸಿದ ಕಡೆ ಋಷಿಯ ಹಾಗೆ ಕೂತಿರುತ್ತದೆ. ಕನ್ನಡಿ ಮಾತ್ರ ಅಡ್ಡಕ್ಕೂ ಉದ್ದಕ್ಕೂ ಕತ್ತು ಹೊರಳಿಸಿ ಆ ಬೆಳಕನ್ನು ಎತ್ತ ಬೇಕಾದರತ್ತ ಎಸೆಯುತ್ತದೆ. ಎತ್ತ ಹೊರಳಬೇಕು, ಯಾವ ಬಣ್ಣ, ಎಷ್ಟು ಹೊತ್ತು ಎಂಬುದನ್ನೆಲ್ಲ ಮೊದಲೇ ಬೋರ್ಡಿಗೆ ಕಲಿಸಿಡಬೇಕು. ಗುಂಡಿ ತಿರುಗಿಸಿ ಬೆಳಕನ್ನು ಸಿಂಹಾಸನದ ಮೇಲೆ ತಂದು, ‘ನೆನಪಿಟ್ಟುಕೋ’ ಎಂದು ಒಂದು ಬಟನ್ ಒತ್ತಿದರೆ ಅದು ಒಂದು ಹೆಜ್ಜೆ. ಮೈಕಿನ ಮುಂದೆ ತಂದು ಒತ್ತಿದರೆ ಇನ್ನೊಂದು. ಬೆಳಕು ಬಿಟ್ಟುಕೊಂಡೇ ನಿಧಾನವಾಗಿ ಸರಿಸಿದರೆ ನನ್ನ ಮುದಿ ಕನ್ನಡಿಗಳು ಮಂಡಿನೋವಿನವರು ಮೆಟ್ಟಿಲಿಳಿದ ಹಾಗೆ ತಡವರಿಸುತ್ತವೆ. ಆದ್ದರಿಂದ ದೀಪದ ಮೂತಿಗಿರುವ ಪುಟ್ಟ ಬಾಗಿಲು ಮುಚ್ಚಿ, ಕತ್ತಲಲ್ಲಿ ಕನ್ನಡಿಯನ್ನು ಹೊಸ ಜಾಗಕ್ಕೆ ಒಯ್ದು, ಆಮೇಲೆ ಬಾಗಿಲು ತೆರೆಯುವುದು ಕ್ರಮ.

ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಮೊದಲ ಸಲ ಬೆಂಗಳೂರಿನಿಂದ ಒಬ್ಬ ಆಪರೇಟರನ್ನು ಕರೆಸಿದ್ದೆ. ಅವನು ನನ್ನದೇ ಬೋರ್ಡಿನ ಮುಂದೆ ಕೂತು, ‘ಅಂಕಲ್, ನೀವು ವೈರ್ ಸುತ್ತಿಡಿ, ಇದನ್ನ ಮುಟ್ಟಬೇಡಿ’ ಎಂದ. ವೈರ್ ಸುತ್ತಿಟ್ಟೆ. ಸುತ್ತುತ್ತ ಸುತ್ತುತ್ತ ಒಂದು ತೀರ್ಮಾನಕ್ಕೂ ಬಂದೆ: ಇನ್ನು ಈ ಬೋರ್ಡನ್ನು ನನ್ನ ಬೆರಳಲ್ಲದೆ ಬೇರೆ ಬೆರಳು ಮುಟ್ಟಕೂಡದು. ಇಂಗ್ಲಿಷಿನ ಕೈಪಿಡಿಯಲ್ಲಿ ನನಗೆ ಅರ್ಥವಾದದ್ದು ಚಿತ್ರಗಳು ಮಾತ್ರ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ರಂಗದ ನಕ್ಷೆ ಬರೆದು, ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು ಎಂದು ಕನ್ನಡದ ಅಂಕಿಯಲ್ಲಿ ಗುರುತು ಹಾಕಿ, ಮನೆಯ ಹಜಾರದಲ್ಲಿ ಹೆಂಡತಿಯನ್ನೇ ರಾಜನಂತೆ ನಿಲ್ಲಿಸಿ ಅಭ್ಯಾಸ ಮಾಡಿದೆ. ‘ರಾಗಿ ಹಿಟ್ಟು ಸೀದೋಯ್ತದೆ, ನಿನ್ನ ರಾಜ್ಯ ನೀನೇ ಆಳ್ಕೊ’ ಎಂದು ಅವಳು ಬೆಳಕಿನ ಮಧ್ಯದಿಂದಲೇ ಅಡಿಗೆಮನೆಗೆ ನಡೆದುಬಿಟ್ಟಳು. ಪಾತ್ರಧಾರಿಗಳು ಹೇಳಿದ ಜಾಗದಲ್ಲಿ ನಿಲ್ಲುವುದಿಲ್ಲವೆಂಬ ಮೊದಲ ಪಾಠ ನನಗಾದದ್ದು ಹಾಗೆ.

ಎರಡನೆಯ ಪಾಠಕ್ಕಾಗಿ ಹಲಗೂರಿನ ಹೆಂಗಸರು ಬರಬೇಕಾಯಿತು. ಅವರದು ಪೂರಾ ಮಹಿಳೆಯರ ಪೌರಾಣಿಕ ನಾಟಕ. ಮಂಡ್ಯದ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ರಾಜನ ಪಾತ್ರ ಸಾಕಮ್ಮನದು. ಯಾವ ರಾಜನೆಂದು ಹೇಳಬೇಕಾಗಿಲ್ಲ. ನಮ್ಮ ಕಡೆ ಗದೆ, ಮೀಸೆ, ಅಟ್ಟಹಾಸ ಎಂದರೆ ಸಾಕು. ಸಾಕಮ್ಮ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿಯ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಬೆಳೆದ ಆ ಗಂಟಲಿಗೆ ಮೈಕಿನ ಅಗತ್ಯವಿಲ್ಲವೆಂದು ಮೈಕಿನವನೇ ಒಪ್ಪಿದ್ದ. ‘ಹೆಂಗಸ್ರು ನಾಟ್ಕ ಅಂದ್ರೆ ಜನ ನಗಕ್ಕೆ ಬತ್ತಾರೆ ಕಣಣ್ಣ. ಪರದೆ ಎದ್ದೇಟ್ಗೆ ನಗ ಬಾಯಿ ಮುಚ್ಚೋಗ್ಬೇಕು, ಅಂಗೆ ಬೆಳಕು ಹಾಕು’ ಎಂದಳು. ‘ಬೆಂಗಳೂರಿಂದ ಯಾರಾದ್ರೂ ಬತ್ತಾರಾ?’ ಎಂದೂ ಕೇಳಿದಳು. ‘ಯಾರೂ ಬರಲ್ಲ, ನಾನೇ ಮಾಡ್ತೀನಿ’ ಎಂದು ಮಾತು ಕೊಟ್ಟೆ.

ಎರಡು ಹಗಲು ಕೂತು ಅರವತ್ತೆರಡು ಹೆಜ್ಜೆ ಕಲಿಸಿದೆ. ರಾಜಪ್ರವೇಶಕ್ಕೆ ನಾಲ್ಕು ಕನ್ನಡಿಗಳ ಬೆಳಕೂ ಒಟ್ಟಿಗೆ ಬಂದು ಮೀಸೆಯ ಮೇಲೆ ಸೇರಬೇಕು. ಪ್ರತಿ ಹಾಡಿಗೂ ಗಡಿಯಾರ ಹಿಡಿದು ಲೆಕ್ಕ ಹಾಕಿ, ಬೋರ್ಡು ತಾನಾಗಿಯೇ ಮುಂದಿನ ಹೆಜ್ಜೆಗೆ ಹೋಗುವಂತೆ ಮಾಡಿದೆ. ಬೆಳಕು ಎದ್ದು ಕಾಣಲೆಂದು ಈ ಸಲ ರಂಗದ ಹಳೆಯ ದೊಡ್ಡ ಬಲ್ಬುಗಳನ್ನೂ ಸಭಾಂಗಣದ ದೀಪಗಳನ್ನೂ ಆರಿಸಿದೆ. ಶನಿವಾರ ಮಧ್ಯಾಹ್ನದ ತಾಲೀಮಿನಲ್ಲಿ ಸಾಕಮ್ಮ ಗದೆ ಹೊತ್ತು ಬಂದಳು. ನಾಲ್ಕು ಬೆಳಕೂ ಬಂದು ಮೀಸೆಗೆ ಮುತ್ತಿಕ್ಕಿದವು. ನನ್ನ ಎದೆ ಉಬ್ಬಿತು. ಹಾರ್ಮೋನಿಯಂ ಶ್ರುತಿ ಕೊಟ್ಟಿತು. ರಾಜ ಹಾಡಲಿಲ್ಲ. ಮತ್ತೆ ಶ್ರುತಿ ಕೊಟ್ಟಿತು. ರಾಜ ಕಣ್ಣಿಗೆ ಕೈ ಅಡ್ಡ ಹಿಡಿದು ಕತ್ತಲೊಳಗೆ ಇಣುಕಿದ.

‘ಮೇಷ್ಟ್ರೇ, ಎಲ್ಲಿದ್ದೀರಾ?’

‘ಇಲ್ಲೇ ಇವ್ನಿ ಕಣಮ್ಮ, ಸತ್ತಿಲ್ಲ!’

‘ಕಾಣ್ತಾನೇ ಇಲ್ವಲ್ಲ! ನಾಲ್ಕು ಸೂರ್ಯ ಬುಟ್ಟವ್ನೆ ಈ ನಿಂಗಣ್ಣ, ನಿಮ್ಮ ಗದ್ದ ಎಲ್ಲಿ ಅಂತ ನೋಡ್ಲಿ?’

ಮೇಷ್ಟ್ರೆಂದರೆ ಕೆರಗೋಡಿನ ಬೋರಯ್ಯ ಮೇಷ್ಟ್ರು. ರಂಗದ ಮುಂದೆ, ಕೆಳಗೆ ಕೂತು ಹಾರ್ಮೋನಿಯಂ ನುಡಿಸುತ್ತ ಇಡೀ ನಾಟಕವನ್ನು ನಡೆಸುವವರು ಅವರೇ. ಸಾಕಮ್ಮನಂಥವರು ಒಂದು ವರ್ಷ ಅವರ ಮುಂದೆ ಕೂತು ಕಿವಿಯಿಂದ ಹಾಡು ಕಲಿಯುತ್ತಾರೆ, ಕಣ್ಣಿನಿಂದ ಹಾಡುತ್ತಾರೆ. ಮೇಷ್ಟ್ರ ಗದ್ದ ಮೇಲೆದ್ದರೆ ಶುರು ಮಾಡಬೇಕು. ಎಡಗೈ ಗಾಳಿಯೊತ್ತುವ ತಿದಿ ಬಿಟ್ಟು ಎದ್ದರೆ ನಿಲ್ಲಿಸಬೇಕು. ಒಂದು ಬೆರಳು ಸುತ್ತಿದರೆ ಅದೇ ಸಾಲನ್ನು ಮತ್ತೊಮ್ಮೆ. ಹಳೆಯ ಬಲ್ಬುಗಳ ಬೆಳಕು ಕೆಳಕ್ಕೂ ಚೆಲ್ಲುತ್ತಿದ್ದುದರಿಂದ ಮೂವತ್ತು ವರ್ಷ ಆ ಗದ್ದ ಎಲ್ಲರಿಗೂ ಕಾಣುತ್ತಿತ್ತು. ನಾನು ಮುಖಕ್ಕೆ ಅಷ್ಟು ಬೆಳಕು ಕೊಟ್ಟು, ಕಣ್ಣಿಗೆ ಕತ್ತಲೆ ಹಾಕಿದ್ದೆ.

‘ಹಳೇ ಲೈಟೇ ಹಾಕ್ಬುಡಣ್ಣ’ ಎಂದಳು ಸಾಕಮ್ಮ. ‘ಇಲ್ಲಾಂದ್ರೆ ಆ ಬೆಂಗಳೂರವ್ನಿಗೆ ಫೋನ್ ಮಾಡು. ಒಂದು ವರ್ಸ ಕಲ್ತಿದೀನಿ, ನಾಳೆ ಬಾಯಿ ತೆಗೀದೆ ನಿಂತ್ಕಂಡ್ರೆ ನಮ್ಮೂರ್ಗೆ ಯಾವ ಮಕ ಇಟ್ಕಂಡು ಓಗ್ಲಿ?’

ಅವಳ ಕಣ್ಣಲ್ಲಿ ನೀರಿತ್ತೋ, ನನ್ನ ನಾಲ್ಕು ಸೂರ್ಯರ ಪ್ರಭಾವವೋ ತಿಳಿಯಲಿಲ್ಲ. ಹಳೆಯ ಬಲ್ಬು ಹಾಕಿದರೆ ಅವಳು ಹಾಡುತ್ತಾಳೆ, ನಗುವ ಬಾಯಿ ಮುಚ್ಚುವುದಿಲ್ಲ. ಫೋನ್ ಮಾಡಿದರೆ ನಾನು ಮತ್ತೆ ವೈರ್ ಸುತ್ತುತ್ತೇನೆ. ‘ನಾಳೆ ಒಂಬತ್ತರವರೆಗೆ ನನಗೆ ಬಿಡಿ’ ಎಂದೆ.

ಉಪಾಯ ಸುಲಭ, ಕೆಲಸ ಕಷ್ಟ. ನಾಲ್ಕರಲ್ಲಿ ಒಂದು ದೀಪವನ್ನು ಮೇಷ್ಟ್ರಿಗೆ ಕೊಡಬೇಕು. ಆದರೆ ಅವರು ರಂಗಕ್ಕೆ ಮುಖ ಮಾಡಿ ಕೂರುವವರು, ಸಭೆಯ ಕಡೆಯಿರುವ ದೀಪದ ಕನ್ನಡಿ ಎಷ್ಟು ಕತ್ತು ಹೊರಳಿಸಿದರೂ ಬೆಳಕು ಅವರ ಬೆನ್ನಿಗಷ್ಟೇ ಬೀಳುತ್ತದೆ. ಅದನ್ನು ಅಲ್ಲಿಂದ ಬಿಚ್ಚಿ, ರಂಗದ ಪಕ್ಕದ ಕಂಬಕ್ಕೆ ಏರಿಸಿ ಕೆಳಮುಖವಾಗಿ ಕಟ್ಟಬೇಕು. ಉಳಿದ ಮೂರರಿಂದ ರಾಜ್ಯಭಾರ ನಡೆಯಬೇಕು, ಅವೂ ಕಣ್ಣಿಗೆ ಕುಕ್ಕದಂತೆ ಓರೆಯಾಗಿ ಬೀಳಬೇಕು. ಎಂದರೆ ಅರವತ್ತೆರಡು ಹೆಜ್ಜೆಯನ್ನೂ ಒಂದೊಂದಾಗಿ ಬಿಚ್ಚಿ ಮತ್ತೆ ಕಲಿಸಬೇಕು. ಜಾಗಗಳನ್ನು ಬೇರೆಯಾಗಿ ಒಂದೇ ಕಡೆ ಬರೆದಿಟ್ಟಿದ್ದರೆ, ಅಲ್ಲಿ ಒಮ್ಮೆ ತಿದ್ದಿದರೆ ಎಲ್ಲ ಹೆಜ್ಜೆಯೂ ತಾನಾಗಿ ತಿದ್ದಿಕೊಳ್ಳುತ್ತದೆಂದು ಕೈಪಿಡಿಯಲ್ಲೇ ಇದೆಯಂತೆ. ಆ ಪುಟದಲ್ಲಿ ಚಿತ್ರವಿರಲಿಲ್ಲ.

ಸಂಜೆ ಕಾವಲುಗಾರ ಬೀಗ ಹಾಕುವವರೆಗೂ ಮಾಡಿದೆ; ಬೆಳಗಿನ ಐದಕ್ಕೆ ಅವನನ್ನೆಬ್ಬಿಸಿ ಬೀಗ ತೆಗೆಸಿ ಮತ್ತೆ ಮಾಡಿದೆ. ನಾಲ್ಕು ಕನ್ನಡಿಗಳು ಒಟ್ಟಿಗೆ ಬರುವ ನನ್ನ ಪ್ರಾಣಪ್ರಿಯ ಪ್ರವೇಶವನ್ನು ಅಳಿಸುವ ಬಟನ್ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಅದೂ ಬೈಕಿನ ಕನ್ನಡಿಯ ಕಥೆಯೇ ಅಲ್ಲವೇ? ರಾಜನ ಮುಖಕ್ಕೆ ಬೆಳಕು ಹಾಕುತ್ತಿದ್ದೇನೆಂದು ಹೇಳಿಕೊಂಡು ನಾಲ್ಕು ಕನ್ನಡಿಗಳನ್ನೂ ನಾನು ನನ್ನ ಮುಖದ ಕಡೆಗೇ ತಿರುಗಿಸಿಕೊಂಡಿದ್ದೆ. ಒತ್ತಿದೆ. ಅಳಿಯಿತು.

ಒಂಬತ್ತಕ್ಕೆ ಬಂದ ಮೇಷ್ಟ್ರು ತಮ್ಮ ಜಾಗದಲ್ಲಿ ಬಿದ್ದಿದ್ದ ಮೊರದಗಲದ ಹೊಂಬಣ್ಣದ ಬೆಳಕನ್ನು ಹಾವನ್ನು ನೋಡುವ ಹಾಗೆ ನೋಡಿದರು.

‘ಏನ್ಲಾ ಇದು?’

‘ನಿಮಗೇ ಮೇಷ್ಟ್ರೇ.’

‘ನಾನೇನ್ ಪಾತ್ರ ಆಕಿದ್ದೀನೇನ್ಲಾ? ನನ್ನ ಬೋಳ್ತಲೆ ಮ್ಯಾಲೆ ಬೆಳಕು ಬುಟ್ರೆ ಚಂದ್ರ ಉಟ್ದ ಅಂತ ಜನ ಕೈ ಮುಗುದಾರು. ತಗೀಲಾ.’

‘ತೆಗಿಯಲ್ಲ. ಗದ್ದಕ್ಕೂ ಕೈಗೂ ಮಾತ್ರ ಬೀಳೋ ಹಂಗೆ ಇಳಿಸ್ತೀನಿ. ತಲೆ ನಿಮ್ಮದೇ, ನಂಗೆ ಬೇಡ.’

ಮೂವತ್ತು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಮೇಷ್ಟ್ರು ಒಳಗೆ ಹೋದರು. ಹತ್ತಕ್ಕೆ ಐದು ನಿಮಿಷವಿದ್ದಾಗ, ಬಣ್ಣದ ಕೋಣೆಯಿಂದ ಯಾವುದೋ ಮಂತ್ರಿಯ ಪೇಟವನ್ನು ತಲೆಗೆ ಬಿಗಿದುಕೊಂಡು ಬಂದು, ಯಾರನ್ನೂ ನೋಡದೆ ಬೆಳಕಿನೊಳಗೆ ಕೂತರು.

ಪರದೆ ಎದ್ದಿತು. ಹಿಂದಿನ ಸಾಲುಗಳಲ್ಲಿ ನಗು ಕೇಳಿಸಿತು. ‘ಏ ಗಿರ್ಣಿ ಸಾಕಮ್ಮ ಕಣ್ಲಾ’ ಎಂದು ಯಾರೋ ಕೂಗಿದ. ಮೂರು ಕನ್ನಡಿಗಳು ಕತ್ತಲಲ್ಲಿ ಸರಿದವು, ದೀಪದ ಬಾಗಿಲು ತೆರೆಯಿತು, ಮೂರು ಬೆಳಕೂ ಓರೆಯಾಗಿ ರಾಜನ ಮೇಲೆ ಬಿದ್ದವು. ಸಾಕಮ್ಮ ಕೆಳಗೆ ನೋಡಿದಳು. ಹೊಂಬಣ್ಣದ ಆ ಪುಟ್ಟ ವೃತ್ತದಲ್ಲಿ ಮೇಷ್ಟ್ರ ಗದ್ದ ಮೇಲೆದ್ದಿತು. ಗಿರಣಿಯ ಸದ್ದನ್ನೇ ಗೆದ್ದ ಆ ಕಂಠ ಎದ್ದದ್ದೇ ತಡ, ನಗು ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ.

ಹಾಡು ಮುಗಿಯುವಷ್ಟರಲ್ಲಿ ಇಡೀ ಸಭೆ ‘ಒನ್ಸ್ ಮೋರ್’ ಎಂದು ಮೊರೆಯಿತು. ಇಲ್ಲಿ ನಾನು ಸಿಕ್ಕಿಬಿದ್ದೆ. ನಾನು ಬೋರ್ಡಿಗೆ ಮುಂದೆ ಹೋಗುವುದನ್ನು ಮಾತ್ರ ಕಲಿಸಿದ್ದೆ. ಇನ್ನು ನಾಲ್ಕು ಸೆಕೆಂಡಿಗೆ ಅದು ತಾನಾಗಿಯೇ ರಾಜನನ್ನು ಕತ್ತಲಲ್ಲಿ ಬಿಟ್ಟು ಮುಂದಿನ ದೃಶ್ಯದ ವನವಾಸಕ್ಕೆ ಹೊರಡುತ್ತಿತ್ತು. ಮೂವತ್ತು ವರ್ಷ ಒನ್ಸ್ ಮೋರ್ ಕೇಳಿದವನು ಗಡಿಯಾರ ನೋಡಿಕೊಂಡು ಅದನ್ನೇ ಮರೆತಿದ್ದೆ. ಆಗ ಕೆಳಗಿನ ಬೆಳಕಿನಲ್ಲಿ ಮೇಷ್ಟ್ರ ಎಡಗೈ ತಿದಿ ಬಿಟ್ಟು ಎದ್ದಿತು. ತಡಿ. ನಾನೂ ಬಟನ್ ಒತ್ತಿ ಬೋರ್ಡನ್ನು ತಡೆದೆ. ಬೆರಳು ಒಂದು ಸುತ್ತು ಸುತ್ತಿತು. ಬೋರ್ಡನ್ನು ಕೈಯಿಂದಲೇ ಒಂದು ಹೆಜ್ಜೆ ಹಿಂದಕ್ಕೆ ತಂದೆ. ಆಮೇಲೆ ಮೇಷ್ಟ್ರು ಪೇಟದ ತಲೆಯನ್ನು ಹಿಂದಕ್ಕೆ ತಿರುಗಿಸಿ, ಸಭೆಯ ಕೊನೆಯಲ್ಲಿ ಕೂತ ನನ್ನ ಕಡೆಗೆ ನೋಡಿ, ಗದ್ದ ಎತ್ತಿದರು. ಸಾಕಮ್ಮನಿಗೆ ಎತ್ತುವ ಹಾಗೆಯೇ. ನಾನು ಬೆಳಕು ಬಿಟ್ಟೆ, ಅವಳು ಹಾಡಿದಳು.

ಅಲ್ಲಿಂದ ಮುಂದೆ ಗಡಿಯಾರದ ಲೆಕ್ಕವನ್ನೆಲ್ಲ ಕಿತ್ತುಹಾಕಿ, ಪ್ರತಿ ಹೆಜ್ಜೆಯನ್ನೂ ಆ ಕೈ ನೋಡಿಕೊಂಡೇ ಒತ್ತಿದೆ. ಮೇಷ್ಟ್ರು ಪಾತ್ರಧಾರಿಗಳಿಗೆ ಕಾಣಲೆಂದು ಕಟ್ಟಿದ ದೀಪದಲ್ಲಿ, ಅವರು ನನಗೂ ಕಾಣಬೇಕಾಗಿತ್ತೆಂಬುದು ಕಂಡಿತು. ಇಷ್ಟು ವರ್ಷ ಅವರ ಬೆನ್ನ ಹಿಂದೆ ಕೂತು, ಹಾಡು ಅವರದು, ಬೆಳಕು ನನ್ನದು ಎಂದುಕೊಂಡೇ ಇದ್ದವನು ನಾನು.

ನಾಟಕ ಮುಗಿದಾಗ ಸಂಜೆ ಬಿಸಿಲಿತ್ತು. ಸಾಕಮ್ಮ ಕೊರಳಲ್ಲಿ ಸೇಬಿನ ಹಾರ ಹೊತ್ತು, ಮೀಸೆಯಲ್ಲೇ ಊರವರ ಜೊತೆ ಹಲಗೂರಿನ ವ್ಯಾನು ಹತ್ತಿದಳು. ‘ಮಳವಳ್ಳೀಲಿ ಇನ್ನೊಂದ್ಸಲ ಆಡ್ತೀವಿ ಕಣಣ್ಣ, ನೀನೇ ಬರ್ಬೇಕು!’ ಎಂಬ ಕೂಗು ವ್ಯಾನು ತಿರುವು ದಾಟಿದ ಮೇಲೂ ಕೇಳುತ್ತಿತ್ತು. ಮೇಷ್ಟ್ರನ್ನು ಕೆರಗೋಡಿಗೆ ಬಿಡಲೆಂದು ಬೈಕಿನ ಹತ್ತಿರ ಬಂದರೆ, ಯಥಾಪ್ರಕಾರ ಕನ್ನಡಿ ತಿರುಗಿತ್ತು. ಅದರ ಮೂಲೆಯಲ್ಲಿ, ವೇಷದವರು ಮುಖಕ್ಕೆ ಬಳಿದುಕೊಳ್ಳುವ ಗುಲಾಬಿ ಬಣ್ಣದ ಒಂದು ಹೆಬ್ಬೆರಳ ಗುರುತು. ಯಾವುದೋ ರಾಜ ಬೆಳಿಗ್ಗೆ ಇಲ್ಲಿ ಮೀಸೆ ಸರಿಮಾಡಿಕೊಂಡಿದ್ದಾನೆ. ಬೈಗುಳ ನಾಲಿಗೆಯ ತುದಿಗೆ ಬಂದದ್ದು ಹಾಗೇ ಹಿಂದಿರುಗಿತು. ಗುರುತನ್ನು ಒರೆಸದೆ ಕನ್ನಡಿ ತಿರುಗಿಸಿದೆ. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಹಿಂದೆ ಹತ್ತಿ ಕೂತರು. ಈಗ ಕನ್ನಡಿಯಲ್ಲಿ ಅರ್ಧ ರಸ್ತೆಯೂ ಅರ್ಧ ಅವರ ಗದ್ದವೂ ಕಾಣುತ್ತಿತ್ತು. ಹಾಗೇ ಬಿಟ್ಟು, ಕಾದೆ.

ಗದ್ದ ಮೇಲೆದ್ದಿತು. ಗಾಡಿ ಹೊರಡಿಸಿದೆ.