ಗಿರಾಕಿಯ ಗುಟ್ಟು, ಗಂಡನ ಹೊಟ್ಟೆಕಿಚ್ಚು

ಸ್ಕ್ರೂ ಅಕ್ಕ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತೀರಿಕೊಂಡಳು. ಐವತ್ತೊಂದು ವರ್ಷ. ಕೂತಲ್ಲೇ ಹೃದಯ ನಿಂತಿತು.

ಇಪ್ಪತ್ತು ವರ್ಷ ಅವಳು ಮೊಬೈಲ್ ರಿಪೇರಿ ಮಾಡಿದ ಅಂಗಡಿಯ ಅರ್ಧ ಅವಳದು, ಇನ್ನರ್ಧ ನಕಲು ಕೀಲಿ ಮಾಡುವ ಗಂಡನದು. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತುತ್ತಿದ್ದಳು. ಆ ಹೆಸರು ಬಂದದ್ದು ಅದರಿಂದಲೇ. ಫೋನು ಸರಿಯಾದರೂ ಸುಮ್ಮನೆ ಕೊಡುತ್ತಿರಲಿಲ್ಲ. ಯಾವ ಆ್ಯಪ್‌ಗೆ ಏನೇನು ಅನುಮತಿ ಇದೆ ಎಂದು ಗಿರಾಕಿಯ ಕೈಯಲ್ಲೇ ತೆರೆಸಿ ನೋಡುತ್ತಿದ್ದಳು.

"ನೀವೆಲ್ಲಿದ್ದೀರಿ ಅಂತ ಟಾರ್ಚಿಗೆ ಯಾಕ್ರೀ ಗೊತ್ತಾಗ್ಬೇಕು? ಮನೆಗೆ ಬಂದು ದೀಪ ಹಚ್ಚುತ್ತಾ?"

ಗಿರಾಕಿಗಳು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಪಕ್ಕದಲ್ಲಿ ಕೀಲಿಯವನ ಹೊಟ್ಟೆ ಉರಿಯುತ್ತಿತ್ತು.

"ನನ್ನ ಹತ್ರ ಹೀಗೆ ನಕ್ಕು ಎಷ್ಟು ದಿನ ಆಯ್ತು?" ಎಂದು ಒಮ್ಮೆ ಕೇಳಿಯೇಬಿಟ್ಟ.

"ನೀವೂ ಫೋನ್ ಕೆಡಿಸ್ಕೊಂಡು ಬನ್ನಿ, ನಗ್ತೀನಿ."

ಗಿರಾಕಿಗಳಲ್ಲೂ ಒಬ್ಬ ಮೇಷ್ಟ್ರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹೆಂಡತಿ ಸತ್ತು ಮೂರು ವರ್ಷವಾದರೂ ಅಂಗಿಯ ಇಸ್ತ್ರಿ ಕೆಡದ ಮನುಷ್ಯ. ಫೋನು ಮಾತ್ರ ತಿಂಗಳಿಗೆ ಎರಡು ಸಲ ಕೆಡುತ್ತಿತ್ತು.

ಕಳೆದ ವರ್ಷ ಒಂದು ಮಧ್ಯಾಹ್ನ, ಮಳೆ ಬರುತ್ತದೆಯೇ ಎಂದು ನೋಡಲು ಕೀಲಿಯವನು ಹೆಂಡತಿಯ ಫೋನು ತೆಗೆದುಕೊಂಡ. ಕಂಡದ್ದು ಬೇರೆ: ಗಂಡಸರ ಕೂದಲ ಬಣ್ಣ, ಜೋಡಿ ಉಂಗುರ, ಸಮುದ್ರದ ದಡದಲ್ಲಿ ಇಬ್ಬರಿಗೊಂದು ಕೋಣೆ.

"ಇದೇನು?"

"ಜಾಹೀರಾತು."

"ನನಗೂ ಓದೋಕೆ ಬರುತ್ತೆ. ನಿನಗೆ ಯಾಕೆ ಬಂತು?"

"ಪರೀಕ್ಷೆ ಮಾಡೋಕೆ ಗಿರಾಕಿ ಫೋನಿಗೆ ನನ್ನ ನೆಟ್ ಕೊಡ್ತೀನಲ್ಲ. ಎರಡೂ ಫೋನು ಒಂದೇ ಮನೆಯವು ಅಂದ್ಕೊಂಡು, ಅವರು ಹುಡುಕಿದ್ದನ್ನ ನನಗೂ ತೋರಿಸುತ್ತೆ."

"ಕಾಗೆ ಹಾರಿಸಬೇಡ. ಯಾವ ಗಿರಾಕಿ? ಮೇಷ್ಟ್ರಾ?"

"ಅದನ್ನ ಮಾತ್ರ ಕೇಳ್ಬೇಡಿ. ಇವತ್ತು ನಿಮಗೆ ಹೇಳಿದ್ರೆ ನಾಳೆ ಈ ಮೇಜಿನ ಮೇಲೆ ಯಾರು ಫೋನ್ ಇಡ್ತಾರೆ?"

"ಗಂಡನಿಗಿಂತ ಗಿರಾಕಿ ಹೆಚ್ಚಾದ್ನಾ?"

ಅವಳು ಭೂತಗನ್ನಡಿ ಇಳಿಸಿಕೊಂಡು ಕೆಲಸಕ್ಕೆ ಬಗ್ಗಿದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೇಷ್ಟ್ರ ಬಿಳಿ ಕೂದಲು ಕಪ್ಪಾಯಿತೇ ಎಂದು ದಿನಾ ನೋಡಿದ. ಹದಿನೈದು ದಿನ ಬೇರೆ ಕೋಣೆಯಲ್ಲಿ ಮಲಗಿದ. ಕೀಲಿ ಕೊರೆಯುವ ಯಂತ್ರ ಎತ್ತಿಕೊಂಡು ಬೇರೆ ಬೀದಿಗೆ ಹೋಗುತ್ತೇನೆ ಎಂದು ಬೆದರಿಸಿದ. ಅವಳು ಬಾಯಿ ಬಿಡಲಿಲ್ಲ. ಕೊನೆಗೆ, ಹೆಂಡತಿಗೆ ತಿಳಿಯದಂತೆ ಅವಳ ಫೋನನ್ನು ಹಿಂಬಾಲಿಸುವ ಆ್ಯಪ್ ಹುಡುಕಿದ. ಹುಡುಕಿದ್ದೆಲ್ಲಿ? ಅವಳ ಪಕ್ಕದಲ್ಲೇ ಕೂತು, ಯಾವಾಗಿನಂತೆ ಅವಳದೇ ನೆಟ್‌ನಲ್ಲಿ.

ಮೂರನೆಯ ದಿನ ಅವಳು ತನ್ನ ಫೋನನ್ನು ತಂದು ಅವನ ಯಂತ್ರದ ಮೇಲಿಟ್ಟಳು. 'ನಿಮ್ಮ ಸಂಗಾತಿ ಈಗ ಎಲ್ಲಿದ್ದಾರೆ, ಗೊತ್ತೇ?' ಎಂಬ ಜಾಹೀರಾತು. ಅದರ ಕೆಳಗೆ ಅಂಥವೇ ಇನ್ನೂ ನಾಲ್ಕು.

"ಇದನ್ನ ಹುಡುಕಿದ್ದು ಯಾರು ಅಂತಾನೂ ಯಾರಿಗೂ ಹೇಳಲ್ಲ ಬಿಡಿ," ಎಂದಳು.

ಇಂಗು ತಿಂದ ಮಂಗನಂತಾದೆ ಎಂದು ಅವನೇ ಆಮೇಲೆ ಗೆಳೆಯರ ಮುಂದೆ ಹೇಳಿಕೊಂಡ. ಅವಳು ಅಳಲಿಲ್ಲ, ಬಿಟ್ಟು ಹೋಗಲಿಲ್ಲ, ಆದರೆ ಒಂದು ವಾರ ಅವನ ಜೊತೆ ಊಟಕ್ಕೆ ಕೂರಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಯಾರೋ ಒಬ್ಬನ ಗುಟ್ಟು ತನ್ನ ಹೆಂಡತಿಯ ಎದೆಯಲ್ಲಿ ಬೆಚ್ಚಗೆ ಕೂತಿದೆ, ತನಗೆ ಅದರಲ್ಲಿ ಪಾಲಿಲ್ಲ. ಅನುಮಾನ ಹೋಗಿ ಈ ಸಂಕಟ ಉಳಿಯಿತು. ಆ ಹೆಸರು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಆ ಮಂಗಳವಾರ ಹತ್ತೂವರೆಗೆ ಮೇಷ್ಟ್ರು ಬಂದರು, ಸ್ಪೀಕರ್ ಕೆಟ್ಟಿತ್ತು. ಕೀಲಿಯವನು ಯಂತ್ರ ನಿಲ್ಲಿಸಿ ಕಣ್ಣಲ್ಲೇ ಕಾವಲು ಕೂತ. ಹನ್ನೊಂದಾಗುತ್ತಿತ್ತು. ಅವಳು ರಿಪೇರಿ ಮುಗಿಸಿ, "ಪಾಸ್‌ವರ್ಡ್ ಹಾಕಿ ಮೇಷ್ಟ್ರೇ" ಎಂದು ಫೋನನ್ನು ಅವರ ಮುಂದೆ ಸರಿಸಿ, ನೋಡಬಾರದೆಂದು ಮುಖ ತಿರುಗಿಸಿದಳು. ಆ ಕಡೆ ಇದ್ದವನು ಗಂಡ, ಮೊಣಕೈ ತಾಗುವಷ್ಟು ಹತ್ತಿರ.

"ಏನ್ರೀ, ಹಾಗೆ ನೋಡ್ತೀರಾ?" ಎಂದು ನಕ್ಕಳು.

ಮೇಷ್ಟ್ರು ತಪ್ಪು ಒತ್ತಿ, ಮತ್ತೆ ಒತ್ತುತ್ತಿದ್ದರು.

"ಆಯ್ತಾ ಮೇಷ್ಟ್ರೇ, ತಿರುಗಲಾ?" ಎಂದು ಕೇಳಿದಳು, ಗಂಡನ ಮುಖದಿಂದ ಕಣ್ಣು ತೆಗೆಯದೆ.